ಗುಬ್ಬಿಯಲ್ಲದ ಗುಬ್ಬಿ

ಮಾಘಮಾಸದ ಒಂದು ಮುಂಜಾವಿನಲ್ಲಿ ಮೊಮ್ಮಗಳೊಡನೆ ತುಬಚಿಯ ಬಿಳಿಜೋಳದ ಹೊಲದ ಬದುವಿನ ಮೇಲೆ ಹೋಗುತ್ತಿದ್ದೆನು. ತೆನೆಯ ಮೇಲೆ ಕಂದುಬಣ್ಣದ ಹಕ್ಕಿಯೊಂದು ಕುಳಿತಿತ್ತು. ಹೆಣ್ಣುಗುಬ್ಬಿಯೆಂದು ತೀರ್ಪು ಕೊಟ್ಟೆನು. ನಿವೃತ್ತನಾದರೂ ಮಾಸ್ತರನಿಗೆ ಆ ಚಟ ಬಿಡದಷ್ಟೆ.

“ಅಲ್ಲ ಅಜ್ಜಾ, ಇದರ ಎದಿ ಮ್ಯಾಲೆ ಗೆರಿ ಅದಾವ ನೋಡು” ಎಂದಳು ಹುಡುಗಿ.

ದುರ್ಬೀನು ಹಿಡಿದು ನೋಡಲಾಗಿ ಅವಳ ಮಾತೇ ನಿಜವಾಗಿತ್ತು. ವಾಚಕರಿಗೆ ಉಪಯೋಗವಾಗಲೆಂದು ಭೇದವನ್ನು ಹೇಳುವೆನು. ಹೆಣ್ಣುಗುಬ್ಬಿಯ ಎದೆಯಲ್ಲಿ ಗೆರೆಗಳಿಲ್ಲ. ಕಣ್ಣಿನ ಹಿಂದೆ ಮಾಸಲು ಪಟ್ಟೆಯುಂಟು. ಇದಕ್ಕೆ ಆ ಪಟ್ಟೆಯಿಲ್ಲ. ಕೊಕ್ಕು ದಪ್ಪ, ದುಂಡು. ರೆಕ್ಕೆಯ ಮೇಲೆ ಎರಡು ಮಸುಕು ಗೀಟು. ಬಾಲದ ತುದಿ ಕವಲು. ಅಷ್ಟರಲ್ಲಿ ಪಕ್ಕದ ಜಾಲಿಯಿಂದ, ತಲೆಯೂ ಎದೆಯೂ ಗುಲಾಬಿಗೆಂಪಾದ ಗಂಡು ಹಾರಿಬಂದಿತು. ಸಂಶಯ ಪರಿಹಾರವಾಯಿತು. ಇಂಗ್ಲಿಷಿನಲ್ಲಿ ಇದು ರೋಸ್‌ಫಿಂಚ್. ಹಿಮಾಲಯ, ಮಧ್ಯ ಏಶಿಯಾಗಳಲ್ಲಿ ಗೂಡುಕಟ್ಟಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರುವುದು. 1770ರಲ್ಲಿ ಪಲ್ಲಾಸನು ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಇದರ ಕುಲನಾಮವಾದ ‘ಕಾರ್ಪೊಡಾಕಸ್’ ಎಂಬುದಕ್ಕೆ ಗ್ರೀಕಿನಲ್ಲಿ ಹಣ್ಣು ಕಚ್ಚುವುದೆಂದರ್ಥ.

ಅಮರಸಿಂಹನು ಗುಬ್ಬಿಗೆ ಕೊಟ್ಟ ಚಟಕ, ಕಲವಿಂಕ ಎಂಬ ಹೆಸರುಗಳನ್ನು ಮೂವತ್ತು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದೆನು. ಗುಬ್ಬಿಯ ಎದೆಯನ್ನು ಮಾತ್ರ ನೋಡಿರಲಿಲ್ಲ. ಆ ದಿನದ ಟಿಪ್ಪಣಿಯನ್ನು ಮೊಮ್ಮಗಳ ಕೈಯಿಂದಲೇ ಬರೆಯಿಸಿದೆನು.