ಕಲ್ಲು ಹೋಗಲಿ, ಮಣ್ಣು ಉಳಿಯಲಿ: ಹೊಲ ಸಾಫ್ ಮಾಡಿಸುವ ಮುನ್ನ ಒಂದು ಲೆಕ್ಕ

ಚಿತ್ರದುರ್ಗ: ಬೇಸಿಗೆ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಹೊಲ ರಿಪೇರಿ ಸೀಸನ್. ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಕಡೆ ಕಲ್ಲು ತೆಗೆಸೋದು, ಬಳ್ಳಾರಿ ಜಾಲಿ ಕೀಳಿಸೋದು, ತಗ್ಗು ದಿಬ್ಬ ಸರಿ ಮಾಡಿಸೋದು ಮುಂಗಾರಿಗೆ ಮುಂಚೆಯೇ ಮುಗಿಯಬೇಕು. ಹಿಂದೆ ಇದು ಎತ್ತು, ಗುದ್ದಲಿ, ಮಂಕರಿಯ ಕೆಲಸ. ಈಗ ಟ್ರ್ಯಾಕ್ಟರ್, ಇಲ್ಲಾಂದ್ರೆ ಜೆಸಿಬಿ.

ಯಂತ್ರ ಕೈಗೆ ಸಿಗೋದೂ ಸುಲಭವಾಗಿದೆ. ಟ್ರ್ಯಾಕ್ಟರ್ ಮತ್ತು ಭೂಮಿ ಸಿದ್ಧತೆಯ ಉಪಕರಣಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರ ಬದಲು ಶೇ. 5 ಆಗಿದೆ. ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು 2014-15ರಿಂದಲೇ ಇವೆ. ಆದ್ರೆ ಯಾವ ಕೆಲಸಕ್ಕೆ ಯಾವ ಯಂತ್ರ ಅನ್ನೋದನ್ನ ಕೇಳದೇ ಕರೆಸಿದರೆ ಕಲ್ಲಿನ ಜೊತೆ ಹೊಲದ ಸತ್ವವೂ ಹೋಗುತ್ತೆ.

ಪವರ್ ರೇಕ್ ಮಾಡೋದೇನು?

ಟ್ರ್ಯಾಕ್ಟರ್ ಹಿಂದೆ ಕಟ್ಟುವ ಪವರ್ ರೇಕ್ ಅಂದರೆ ಗಟ್ಟಿ ಹಲ್ಲುಗಳಿರುವ ಒಂದು ಉದ್ದನೆಯ ರೋಲರ್. ಪಿಟಿಒ ಶಕ್ತಿಯಿಂದ ತಿರುಗುತ್ತೆ. ಮೇಲಿನ ಕೆಲವು ಇಂಚು ಮಣ್ಣನ್ನಷ್ಟೇ ಸಡಿಲಿಸಿ, ಕಲ್ಲು, ಬೇರು, ಕಸವನ್ನು ಮುಂದಕ್ಕೆ ಉರುಳಿಸುತ್ತೆ. ಸಣ್ಣ ಮಣ್ಣು ಅಡಿಯಿಂದ ಹಿಂದೆ ಉಳಿಯುತ್ತೆ. ರೋಲರನ್ನು ಓರೆ ಮಾಡಿದರೆ ಕಲ್ಲೆಲ್ಲ ಒಂದು ಪಕ್ಕಕ್ಕೆ ಸಾಲಾಗಿ ಬೀಳುತ್ತೆ.

ಇದರ ಮಿತಿಯೂ ಗೊತ್ತಿರಲಿ. ಹೂತುಹೋದ ಗುಂಡುಗಳನ್ನ ಇದು ಎತ್ತಲ್ಲ. ಜಾಲಿ ಬುಡವನ್ನೂ ಕೀಳಲ್ಲ. ಜಾಲಿಯನ್ನ ನೆಲಮಟ್ಟಕ್ಕೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತೆ. ಬುಡ ಸಮೇತ ಅಗೆದು ತೆಗೀಬೇಕು. ಆ ಕೆಲಸಕ್ಕೆ ಜೆಸಿಬಿಯೇ ಸರಿ. ತಪ್ಪಾಗೋದು ಅದೇ ಜೆಸಿಬಿಯ ಬಕೆಟ್‌ನಿಂದ ಇಡೀ ಹೊಲದ ಮೇಲ್ಮಣ್ಣು ಹೆರೆಸಿ ಮಟ್ಟ ಮಾಡಿಸಿದಾಗ.

ಒಂದು ಇಂಚಿಗೆ 36 ಲೋಡು

ಒಂದು ಎಕರೆ ಅಂದರೆ 43,560 ಚದರ ಅಡಿ. ಅದರ ಮೇಲಿನ ಒಂದೇ ಒಂದು ಇಂಚು ಮಣ್ಣು 3,630 ಘನ ಅಡಿ ಆಗುತ್ತೆ. 100 ಘನ ಅಡಿ ಹಿಡಿಯುವ ಟ್ರೇಲರ್ ಲೆಕ್ಕದಲ್ಲಿ 36 ಲೋಡು! ಕೆರೆ ಗೋಡು ಹೊಡೆಸಲು ಲೋಡಿಗಿಷ್ಟು ಅಂತ ದುಡ್ಡು ಕೊಡುವ ನಾವೇ, ಅದೇ ಬೇಸಿಗೆಯಲ್ಲಿ ಅಷ್ಟು ಲೋಡು ಮೇಲ್ಮಣ್ಣನ್ನ ಹೊಲದ ಮೂಲೆಗೆ ತಳ್ಳಿಸ್ತೇವೆ. ಮಸಾರಿ ಹೊಲಗಳಲ್ಲಿ ಒಳ್ಳೆ ಮಣ್ಣಿನ ಆಳವೇ ಕಡಿಮೆ. ಹೆರೆದ ಜಾಗದಲ್ಲಿ ಗರಸು ಮೇಲೆ ಬಂದರೆ ಶೇಂಗಾ ಗಿಡ ಅಲ್ಲಿ ಸರಿಯಾಗಿ ಬೆಳೆಯಲ್ಲ.

ಎಲ್ಲಾ ಕಲ್ಲೂ ಶತ್ರುವಲ್ಲ

ಕೂರಿಗೆಗೆ, ಕುಂಟೆಗೆ ಅಡ್ಡ ಬರುವ ಕಲ್ಲು ಹೋಗಲೇಬೇಕು. ಆದ್ರೆ ನೊರಜುಗಲ್ಲು ಮಳೆ ಹನಿಯ ಪೆಟ್ಟು ತಡೆಯುತ್ತೆ, ತೇವ ಆರೋದನ್ನ ನಿಧಾನ ಮಾಡುತ್ತೆ. ಅದನ್ನೂ ಬಾಚಿ, ಮಣ್ಣನ್ನ ಹಿಟ್ಟಿನ ಹಾಗೆ ಪುಡಿ ಮಾಡಿದರೆ ಕೆಂಪು ಮಣ್ಣು ಮೊದಲ ಜೋರು ಮಳೆಗೇ ಹೆಪ್ಪುಗಟ್ಟುತ್ತೆ. ನೀರು ಇಂಗಲ್ಲ, ಮೊಳಕೆ ಮೇಲೆ ಬರಲು ತಿಣುಕುತ್ತೆ, ಮಣ್ಣು ಹಳ್ಳ ಸೇರುತ್ತೆ. ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ಬಿದ್ದ ಹನಿ ಹೀಗೆ ಹರಿದು ಹೋಗೋದು ಸಣ್ಣ ನಷ್ಟವಲ್ಲ.

ಭದ್ರಾ ನೀರಿಗೆ ಸಮತಟ್ಟು ಬೇಕಾ?

"ಭದ್ರಾ ನೀರು ಬಂದೇ ಬರುತ್ತೆ, ಈಗಲೇ ಹೊಲ ಮಟ್ಟ ಮಾಡಿಸಿಡೋಣ" ಅನ್ನೋ ಮಾತು ಊರೂರಲ್ಲಿದೆ. ಆದರೆ ಭದ್ರಾ ಮೇಲ್ದಂಡೆ ಯೋಜನೆ ರೂಪಿಸಿರೋದು ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ಹನಿ ನೀರಾವರಿಯಂಥ ಸೂಕ್ಷ್ಮ ನೀರಾವರಿ ಕೊಡಲು. ಗದ್ದೆಗೆ ನೀರು ನಿಲ್ಲಿಸುವ ಹಾಗೆ ನೆಲ ತಟ್ಟೆಯಂತಿರಬೇಕು ಅಂತೇನಿಲ್ಲ. ಸಣ್ಣ ಇಳಿಜಾರಿದ್ದರೂ ಡ್ರಿಪ್ ಕೆಲಸ ಮಾಡುತ್ತೆ. ಬರದ ನೀರಿಗಾಗಿ ಇರುವ ಮಣ್ಣು ಕಳ್ಕೊಳ್ಳೋದು ಬೇಡ.

ಬಾಡಿಗೆಗೆ ಕರೆಯುವ ಮುನ್ನ

* ಗಂಟೆ ಲೆಕ್ಕದ ಬಾಡಿಗೆಯಲ್ಲಿ ಕೆಲಸ ಬೇಗ ಮುಗಿಸೋದೇ ಎಲ್ಲರ ಚಿಂತೆ. ಎಷ್ಟು ಆಳ, ಎಷ್ಟು ದಪ್ಪದ ಕಲ್ಲು ಅನ್ನೋದನ್ನ ಡ್ರೈವರ್ ಜೊತೆ ಮೊದಲೇ ಮಾತಾಡಿ.
* ಇಳಿಜಾರಿಗೆ ಅಡ್ಡಲಾಗಿ ಹೊಡೆಸಿ. ಮೇಲಿಂದ ಕೆಳಕ್ಕೆ ಹೊಡೆದರೆ ಅದೇ ಗೆರೆಗಳು ಮಳೆಗೆ ಕಾಲುವೆ.
* ತೆಗೆದ ಕಲ್ಲನ್ನ ಹಳ್ಳಕ್ಕೆ ಸುರಿಸಬೇಡಿ. ಅಡ್ಡ ಬದುಗಳಿಗೆ ಒಟ್ಟಿ, ಕೊಚ್ಚಿ ಬರುವ ಮಣ್ಣನ್ನ ಅವೇ ಹಿಡಿಯುತ್ತವೆ.
* ತಗ್ಗು ದಿಬ್ಬ ತುಂಬಾ ಇದ್ದರೆ ಮೇಲ್ಮಣ್ಣನ್ನ ಮೊದಲು ಬೇರೆ ಗುಡ್ಡೆ ಹಾಕಿಸಿ. ಅಡಿಮಣ್ಣು ಸರಿ ಮಾಡಿಸಿದ ಮೇಲೆ ಅದನ್ನೇ ಮತ್ತೆ ಹರಡಿಸಿ. ಖರ್ಚು ಜಾಸ್ತಿ, ಆದ್ರೆ ಬೆಳೆ ಉಳಿಯುತ್ತೆ.
* ಹಸಿ ಮಣ್ಣಿನಲ್ಲಿ ಬೇಡ, ಹದ ನೋಡಿ ಇಳಿಸಿ. ಪಿಟಿಒ ಶಾಫ್ಟಿಗೆ ಕವರ್ ಇಲ್ಲದ ಯಂತ್ರವನ್ನ ಹೊಲಕ್ಕೇ ಬಿಡಬೇಡಿ. ಲುಂಗಿ, ಸೀರೆ ಸೆರಗು ಸಿಕ್ಕಿದರೆ ಜೀವಕ್ಕೇ ಅಪಾಯ. ಕಲ್ಲು ಸಿಡಿಯುತ್ತೆ, ಮಕ್ಕಳನ್ನ ದೂರ ಇಡಿ.

ಯಂತ್ರಕ್ಕೆ ಸಬ್ಸಿಡಿ ಕೊಡುವ ಕೃಷಿ ಇಲಾಖೆ, ಅದನ್ನು ಇಳಿಜಾರಿನ ಹೊಲದಲ್ಲಿ ಹೇಗೆ ಓಡಿಸಬೇಕು ಅನ್ನೋದನ್ನ ಡ್ರೈವರ್‌ಗಳಿಗೂ ಕಲಿಸಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ಬೇಸಿಗೆಗೆ ಮುಂಚೆ ಒಂದು ದಿನದ ಪ್ರಾತ್ಯಕ್ಷಿಕೆ ಇಟ್ಟರೂ ಸಾಕು. ಕಲ್ಲು ಈ ವರ್ಷ ಅಲ್ಲದಿದ್ದರೆ ಮುಂದಿನ ವರ್ಷ ತೆಗೆಸಬಹುದು. ಹೋದ ಮೇಲ್ಮಣ್ಣನ್ನ ಯಾವ ಬಾಡಿಗೆಗೂ ವಾಪಸ್ ತರೋಕಾಗಲ್ಲ.