ತೋಟ ನಿಮ್ಮದು, ಬೆಟ್ಟ?

ಪಟ್ಟಣವಾಸಿ ಮಿತ್ರರೊಬ್ಬರಿಗೆ ಶಿರಸಿ ಸೀಮೆಯಲ್ಲಿ ಭೂಮಿ ಕೊಳ್ಳುವ ಹಂಬಲ. ಜಿಂಕೆ, ಕಡವೆಗಳು ಸುಳಿಯುವ ಜಾಗವಾಗಬೇಕಂತೆ; ಕೋವಿಯನ್ನೂ ತರುವರಂತೆ! ಕೋವಿ ಮನೆಯಲ್ಲಿಯೇ ಇರಲೆಂದು ಬರೆದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಸ್ವಂತ ಭೂಮಿಯಲ್ಲಿಯೂ ಜಿಂಕೆಯ ಬೇಟೆ ಅಪರಾಧವೇ. ಅವು ಬಂದು ಸಸಿಗಳನ್ನು ಮೇಯತೊಡಗಿದಾಗ ಮಿತ್ರರ ಮೃಗಪ್ರೇಮ ಎಷ್ಟು ದಿನ ಉಳಿದೀತೋ, ಅದು ಬೇರೆಯ ಮಾತು.

2020ರಲ್ಲಿ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳುವ ಬಾಗಿಲು ತೆರೆಯಿತು. ಆದರೆ ಹೊರಗಿನವರು ಇಲ್ಲಿ ಎಡವುವುದು ಅಳತೆಯಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಕೆಯ ತೋಟವಿರುವುದು ಕಣಿವೆಯ ತಳದಲ್ಲಿ. ಅದರ ಮೇಲಣ ಕಾಡಿನ ಇಳಿಜಾರೇ ಸೊಪ್ಪಿನ ಬೆಟ್ಟ. ಈ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದ ಕಾಲದಿಂದ ನಡೆದುಬಂದ ಕ್ರಮದಂತೆ ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ. ಮಾರುವವರು ಕೈಬೀಸಿ ತೋರಿಸುವುದು ಎರಡನ್ನೂ ಕೂಡಿಸಿಯೇ! ಬೆಟ್ಟದ ನೆಲವಾದರೋ ಸರಕಾರದ್ದು. ತೋಟಿಗನಿಗಿರುವುದು ಸೊಪ್ಪು, ದರಕುಗಳ ಸವಲತ್ತು. ಅಲ್ಲಿ ಬಂಗಲೆ ಕಟ್ಟುವಂತಿಲ್ಲ. ಹತ್ತು ಎಕರೆಯ ಕನಸಿಗೆ ಹಣ ತೆತ್ತವನಿಗೆ ದಕ್ಕುವುದು ಒಂದೇ ಎಕರೆ.

ಆದುದರಿಂದ ಪಹಣಿ, ನಕಾಶೆಗಳನ್ನು ಕೈಯಲ್ಲಿ ಹಿಡಿದೇ ಗಡಿ ಸುತ್ತಬೇಕು. ಅದೂ ಏಪ್ರಿಲ್ ಕೊನೆಯಲ್ಲಿ. ಮಳೆಗಾಲದಲ್ಲಿ ಯಾವ ಹಳ್ಳವೂ ಚೆಲುವೆಯೇ. ಮಿತ್ರರು ದೀಪಾವಳಿಗೆ ಬರುವೆನೆಂದಿದ್ದರು. ನಾನು ಒಪ್ಪಲಿಲ್ಲ.