ಬೆಟ್ಟ ಇಳಿದ ಮೇಲೆ

ಯಾತ್ರೆ ಮುಗಿಸಿ ಬಂದ ಪರಿಚಿತರೊಬ್ಬರು ಮೊನ್ನೆ, "ಬೆಟ್ಟದಲ್ಲಿ ಸಿಕ್ಕ ನೆಮ್ಮದಿ ಮನೆಗೆ ಕಾಲಿಡುತ್ತಲೇ ಹೋಯಿತು" ಎಂದರು. ಸುತ್ತ ಇದ್ದವರೆಲ್ಲ ಹೌದೆಂದು ತಲೆದೂಗಿದರು. ದೇವರು ದೂರದಲ್ಲಿದ್ದಾನೆ, ಮನೆಯಲ್ಲಿರುವುದು ಬರೀ ಜಂಜಾಟ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ನಾನಿದನ್ನು ಒಪ್ಪಲಾರೆ. ಮನೆಗೆ ಬಂದೊಡನೆ ಹೋದದ್ದು ವಿಶ್ರಾಂತಿ. ಅದಕ್ಕೆ ಭಕ್ತಿಯ ಹೆಸರಿಡಬಾರದು. ಯಾತ್ರೆ ಏನು ಕೊಟ್ಟಿತೆಂದು ತಿಳಿಯುವುದೇ ಊರಿಗೆ ಮರಳಿದ ಮೇಲೆ.

ಧರ್ಮಪುರಿ ಜಿಲ್ಲೆಯ ಪಾಪಿರೆಡ್ಡಿಪಟ್ಟಿಯ ಸೀಮೆಯನ್ನೇ ನೋಡಿ. ಊರ ಬೆನ್ನಿಗೆ ಸೇರ್ವರಾಯನ್ ಬೆಟ್ಟಸಾಲು. ಅದರ ಮೇಲೆ, ಏರ್ಕಾಡಿನ ಕಡೆ, ಗುಹೆಯೊಳಗೆ ಸೇರ್ವರಾಯನಿಗೂ ಕಾವೇರಮ್ಮನಿಗೂ ಪೂಜೆ ನಡೆಯುತ್ತದೆ. ಆ ಬೆಟ್ಟಗಳಿಂದಲೇ ವಾಣಿಯಾರು ಹೊಳೆ ಇಳಿದು ಬರುತ್ತದೆ. ಹರೂರಿನಾಚೆ ತೀರ್ಥಮಲೆಯಲ್ಲಿ ತೀರ್ಥಗಿರೀಶ್ವರನಿದ್ದಾನೆ. ಬೆಟ್ಟಕ್ಕಾಗಲಿ ದೇವರಿಗಾಗಲಿ ಇಲ್ಲಿ ಬರವಿಲ್ಲ. ಆದರೂ ಸೇಲಂ, ಧರ್ಮಪುರಿ ಜಿಲ್ಲೆಗಳ ಜನ ಮೆಟ್ಟೂರು, ಕೊಳತ್ತೂರು ಹಾದು, ಪಾಲಾರ್ ದಾಟಿ ಮಲೆ ಮಹದೇಶ್ವರನ, ಅಂದರೆ ಮಾದಪ್ಪನ, ಬೆಟ್ಟಕ್ಕೆ ಹೋಗುತ್ತಾರೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವವರು ಅವರಲ್ಲಿದ್ದಾರೆ; ತಮಿಳಷ್ಟೇ ಬಲ್ಲವರೂ ಇದ್ದಾರೆ. 1956ರವರೆಗೆ ಆ ಬೆಟ್ಟವಿದ್ದ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇನ್ನೂ ಹಿಂದೆ, 1792ರಲ್ಲಿ ಟಿಪ್ಪು ಇಂಗ್ಲಿಷರಿಗೆ ಬಿಟ್ಟುಕೊಡುವ ತನಕ, ಧರ್ಮಪುರಿ ಸುತ್ತಿನ ಈ ಬಾರಾಮಹಲ್ ಸೀಮೆಯೇ ಮೈಸೂರಿನದು. ಗಡಿಗಳು ಸರಿದಾಡಿದವು, ಮಾದಪ್ಪನ ಒಕ್ಕಲು ಸರಿಯಲಿಲ್ಲ.

ಇಷ್ಟು ದೂರ ಎಳೆಯುವುದು ಹರಕೆ. ಹರಕೆ ಹುಟ್ಟುವುದು ಮನೆಯಲ್ಲಿ: ಮಗುವಿನ ಜ್ವರ, ದನದ ಕಾಯಿಲೆ, ಕೈಕೊಟ್ಟ ಮಳೆ. ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿಡುವುದೂ ಮನೆಯಲ್ಲೇ. ಹೊರಡುವ ದಿನ ನೆರೆಯವರು ಬಂದು "ನಮ್ಮದೂ ಹುಂಡಿಗೆ ಹಾಕಿ" ಎಂದು ಕಾಸು ಕೊಡುತ್ತಾರೆ. ಹಾಸಿಗೆ ಹಿಡಿದ ಅಜ್ಜಿ ಕೂಡ ಸೆರಗಿನ ಗಂಟು ಬಿಚ್ಚುತ್ತಾಳೆ. ಅಲ್ಲಿಗೆ ಯಾತ್ರಿಕ ತನ್ನೊಬ್ಬನ ಪರವಾಗಿ ಹೋಗುವವನಲ್ಲ, ಒಂದು ಕೇರಿಯ ಪರವಾಗಿ ಹೋಗುವವನು. ಅವನು ವಿಭೂತಿ, ಪ್ರಸಾದ ತಂದು ಹಂಚದಿದ್ದರೆ ಆ ಅಜ್ಜಿಯ ಯಾತ್ರೆ ಅರ್ಧಕ್ಕೇ ನಿಂತಂತೆ. ಬಂದವನು ನಾಲ್ಕು ಜನಕ್ಕೆ ಮಾದಪ್ಪನ ಹೆಸರಲ್ಲಿ ಊಟ ಹಾಕುತ್ತಾನೆ. ಇಷ್ಟೆಲ್ಲ ಆಗುವ ತನಕ ಹರಕೆ ತೀರಿತೆಂದು ಯಾರೂ ಹೇಳುವುದಿಲ್ಲ. ಕಾಸು ಕೊಟ್ಟು ವಾರಾಂತ್ಯದ ಶಾಂತಿ ಕೊಳ್ಳುವವರಿಗೆ ಈ ಋಣ ಅರ್ಥವಾಗುವುದಿಲ್ಲ, ಅವರ ಜೊತೆ ವಾದವೂ ಬೇಡ.

ಶರಣರ ಆಕ್ಷೇಪ ಮಾತ್ರ ಹಗುರವಾದದ್ದಲ್ಲ. ಒಳಗಿರುವವನನ್ನು ಹುಡುಕಲು ಊರೂರು ಅಲೆಯುವುದೇಕೆಂದು ಹನ್ನೆರಡನೆಯ ಶತಮಾನದಲ್ಲೇ ಅವರು ಕೇಳಿದರು. ತೀರ್ಥ, ಕ್ಷೇತ್ರಗಳ ಹೆಸರಲ್ಲಿ ನಡೆದ ಸುಲಿಗೆಯನ್ನು ಕಂಡವರ ಪ್ರಶ್ನೆ ಅದು. ಇಂದಿಗೂ ಅದಕ್ಕೆ ತಲೆಬಾಗಲೇಬೇಕು. ಆದರೆ ಅವರೂ ಕೂತಲ್ಲೇ ಕೂತವರಲ್ಲ. ಬಸವಣ್ಣ ಬಾಗೇವಾಡಿ ಬಿಟ್ಟು ಸಂಗಮಕ್ಕೆ ಬಂದರು, ಅಲ್ಲಿಂದ ಕಲ್ಯಾಣಕ್ಕೆ ಹೋದರು. ಕಲ್ಯಾಣದಲ್ಲಿ ಕಾಯಕ, ದಾಸೋಹಗಳ ಮೂಲಕ ದಿನದ ದುಡಿಮೆಯನ್ನೇ ಪೂಜೆಯಾಗಿಸಿದರು. ನಡಿಗೆಯನ್ನು ಅವರು ಹಳಿಯಲಿಲ್ಲ. ನಡೆದು ಬಂದೂ ಬದುಕು ಬದಲಾಗದಿದ್ದರೆ ಏನು ಫಲ ಎಂದು ಕೇಳಿದರು. ನನ್ನ ಪ್ರಶ್ನೆಯೂ ಅದೇ.

ನನ್ನ ವಾದವನ್ನು ನಿಜಕ್ಕೂ ಕಾಡುವವಳು ಅಕ್ಕಮಹಾದೇವಿ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದವಳು ಹಿಂತಿರುಗಲೇ ಇಲ್ಲ. ಮರಳುವುದೇ ಯಾತ್ರೆಯ ಪರೀಕ್ಷೆಯಾದರೆ ಅಕ್ಕ ಸೋತಳೇ? ಹಾಗೆನ್ನಲು ನನ್ನ ನಾಲಿಗೆ ಏಳದು. ಆಕೆ ಮನೆಯನ್ನೂ ಮಾನವನ್ನೂ ಅರಮನೆಯನ್ನೂ ಪೂರ್ತಿ ಬಿಟ್ಟು ಹೊರಟವಳು. ಆ ಬೆಲೆ ತೆತ್ತವರಿಗೆ ಮರಳುವ ಋಣವಿಲ್ಲ. ನಾವು ಮನೆಗೆ ಬೀಗ ಹಾಕಿ, ಬೀಗದಕೈಯನ್ನು ಜೇಬಿನಲ್ಲಿಟ್ಟುಕೊಂಡು ಹೋಗುವವರು. ಹಾಗೆ ಹೋದವರು ಬಂದು ಬೀಗ ತೆಗೆದಾಗ ಒಳಗಿನ ಜಂಜಾಟವನ್ನು ದೂರುವಂತಿಲ್ಲ. ಹರಕೆ ಹೊತ್ತದ್ದು ಅದಕ್ಕಾಗಿಯೇ ಅಲ್ಲವೇ?